ಬೆನ್ನಿನ ಲೆಕ್ಕ

ಮರಿ ಬಿಡಿಸಿ ಇವತ್ತಿಗೆ ಹದಿಮೂರು ದಿನ.
ವರ್ಕಾಡಿಯ ಈ ಮುರಕಲ್ಲಿನ ಗೂಡಿನಲ್ಲಿ
ಇಪ್ಪತ್ತೇಳನೇ ನಂಬರಿನವಳು
ಗೋಡೆಗೆ ಮೂತಿ ತಾಗಿಸಿ ಮಲಗಿದ್ದಾಳೆ.
ಐದಾರು ದಿನಕ್ಕೇ ಬರಬೇಕಿತ್ತು ಬೆದೆ.
ಎಬ್ಬಿಸಿ, ಸೊಂಟದ ಮೇಲೆ ಅಂಗೈ ಊರಿ ಒತ್ತುತ್ತೇನೆ.
ಬೆದೆಯಾದರೆ ಕಲ್ಲಿನ ಹಾಗೆ ನಿಲ್ಲಬೇಕು, ಕಿವಿ ನಿಗುರಿಸಿ.
ಇವಳು ಜಾರಿಕೊಳ್ಳುತ್ತಾಳೆ,
ಬಸ್ಸಿನಲ್ಲಿ ಯಾರದೋ ಮೊಣಕೈ ತಾಗಿದ ಹೆಂಗಸಿನಂತೆ.

ಚಂದದ ಜಾತಿ, ಎರಡು ಮಾತಿಲ್ಲ.
ಉದ್ದ ಬೆನ್ನು, ತುಂಬಿದ ತೊಡೆ,
ಗುಲಾಬಿ ಚರ್ಮದ ಅಡಿಯಲ್ಲಿ ಬರೀ ಮಾಂಸ.
ಇವಳನ್ನು ತಂದವನು ಭಾವ ಪಾಸ್ಕಲ್.
ಜೊತೆಗೊಂದು ಅಚ್ಚು ಹಾಕಿದ ಕಾಗದ:
ಅಪ್ಪನ ಬೆನ್ನಿನ ಕೊಬ್ಬು ಇಷ್ಟು ಮಿಲಿಮೀಟರು,
ಅಜ್ಜನದ್ದು ಇಷ್ಟು,
ತಲೆಮಾರಿಗೆ ತಲೆಮಾರು ಕಮ್ಮಿ.
ಅಮ್ಮನ ವಿಷಯ ಒಂದು ಸಾಲೂ ಇಲ್ಲ.
ಎಷ್ಟು ಹೆತ್ತಳು, ಎಷ್ಟು ಉಳಿಸಿದಳು,
ಎಷ್ಟು ಸಲ.

ತಲಪಾಡಿಯ ಅಂಗಡಿಯಲ್ಲಿ ಗಿರಾಕಿಗಳು
ತೋರುಬೆರಳು ಚಾಚಿ ಹೇಳುತ್ತಾರೆ:
ಆ ಬಿಳಿಯದ್ದು ಬೇಡ, ಕೆತ್ತಿ ತೆಗೀರಿ.
ನನ್ನ ಅತ್ತೆ ಸೆವ್ರಿನ್ ಬಾಯಿ, ರೋಸಿನ ಮನೆಗೆ
ಎರಡು ಬೆರಳು ಕೊಬ್ಬಿಲ್ಲದ ಮಾಂಸ ತಂದವನನ್ನು
ಅಂಗಳದಿಂದಲೇ ವಾಪಸು ಕಳಿಸಿದವಳು.
ಅವಳ ಕಪ್ಪು ಹಂದಿಗೆ ಹೊಟ್ಟೆ ನೆಲ ಒರೆಸುತ್ತಿತ್ತು.
ಅಕ್ಕಚ್ಚು, ಕೆಸುವಿನ ದಂಟು, ಅಷ್ಟರಲ್ಲೇ
ವರ್ಷಕ್ಕೆ ಎರಡು ಸೂಲು, ಯಾರೂ ಅಂಗೈ ಊರದೆ.
ಬೆಳೆಯಲು ಮಾತ್ರ ಅದಕ್ಕೆ ವರ್ಷ ಬೇಕು.
ಅದನ್ನು ನಂಬಿ ಮಗಳ ಫೀಸು ಕಟ್ಟಲಾಗದು,
ಇದೂ ನಿಜ. ಬರೆದಿಡುತ್ತೇನೆ.

ಡಾಕ್ಟರ್ ಬಿಂದುಜ ಬಂದರು ಗಂಬೂಟು ಹಾಕಿ.
ಹೆಬ್ಬೆರಳಿನಿಂದ ಬೆನ್ನೆಲುಬಿನ ಗಂಟು ಎಣಿಸಿದರು.
“ಚೇಚಿ, ಹತ್ತು ಮರಿಗೆ ಇವಳು ಹಾಲು ಕೊಟ್ಟದ್ದು
ನಿಮ್ಮ ಹಿಂಡಿಯಿಂದ ಅಲ್ಲ,
ತನ್ನ ಬೆನ್ನಿನಿಂದ.”
ಕೊಬ್ಬು ಕಳೆಯುತ್ತ ಕಳೆಯುತ್ತ ಈ ಜಾತಿಗೆ
ತಿನ್ನುವ ಆಸೆಯೂ ಕಳೆಯುತ್ತ ಬಂತಂತೆ.
ಕೂಡಿಟ್ಟದ್ದೇನೂ ಇಲ್ಲದ ಮೈ
ಮುಂದಿನ ಬಸುರಿಗೆ ಸುಲಭದಲ್ಲಿ ಹೂಂ ಅನ್ನುವುದಿಲ್ಲ.
ಅವರು ಬರೆದ ಚೀಟಿ ಮಲಯಾಳದ್ದು.
ಪಾಸ್ಕಲನ ಕಾಗದ ಇಂಗ್ಲಿಷಿನದ್ದು.
ನನ್ನ ಲೆಕ್ಕದ ಪುಸ್ತಕ ಕನ್ನಡದ್ದು.
ಹಂದಿಗೆ ನಾನು ಬಯ್ಯುವುದು, ಮುದ್ದು ಮಾಡುವುದು
ಕೊಂಕಣಿಯಲ್ಲಿ.
ಯಾವುದರಲ್ಲಿ ಹೇಳಲಿ ಇವಳಿಗೆ, ತಿನ್ನು ಮಾರಾಯ್ತಿ ಅಂತ?

ನಾಳೆ ಭಾವ ಬರುವುದುಂಟು
ಮುಂದಿನ ತಾಯಿಯನ್ನು ಆರಿಸಲಿಕ್ಕೆ.
ತೂಕದ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಮೂವತ್ತೊಂದು.
ಉಂಡದ್ದೆಲ್ಲ ತೊಡೆಗೆ, ನಡೆದರೆ ಹಿಂಗಾಲು ಕುಂಟು.
ಮೂವತ್ತಾರು ಎಂಬುದು ಸೋಮಾರಿ.
ಬೆನ್ನು ಒತ್ತಿದರೆ ತುಸು ಮೆತ್ತಗೆ.
ಬೋಗುಣಿ ನೆಕ್ಕಿ ಮುಗಿಸಿ, ಇನ್ನೂ ಉಂಟಾ ಅಂತ
ನನ್ನ ಸೆರಗು ಎಳೆಯುತ್ತದೆ.

ಊರು ಮಲಗಿದ ಮೇಲೆ ಬಕೆಟು, ಸೀಮೆಎಣ್ಣೆ ಚಿಂದಿ ಹಿಡಿದು ಹೋದೆ.
ಬೆನ್ನಿನ ಮೇಲಿನ ನೀಲಿ ಅಂಕಿ ಉಜ್ಜಿ ಉಜ್ಜಿ ತೆಗೆದೆ.
ಅದನ್ನು ಇದಕ್ಕೆ ಬರೆದೆ, ಇದನ್ನು ಅದಕ್ಕೆ.
ಕೈ ನಡುಗಿ ಮೂರರ ಬಾಲ ಸ್ವಲ್ಪ ಸೊಟ್ಟ.
ಪರವಾಗಿಲ್ಲ. ಭಾವ ನೋಡುವುದು ಅಂಕಿಯನ್ನು,
ಹಂದಿಯನ್ನಲ್ಲ.
ಭಾನುವಾರ ಪಾದ್ರಿಗೆ ಇದನ್ನು ಹೇಳಬೇಕೋ ಬೇಡವೋ,
ಇನ್ನೂ ಗೊತ್ತಾಗಿಲ್ಲ.

ಬೆಳಿಗ್ಗೆ ಇಪ್ಪತ್ತೇಳರ ಸೊಂಟಕ್ಕೆ ಮತ್ತೆ ಅಂಗೈ.
ಒಂದು ಗಳಿಗೆ ನಿಂತಳು.
ನಿಂತಳೋ,
ಕಾಲು ನೋವಿಗೆ ಸರಿಯಲಾರದೆ ಹೋದಳೋ.
ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದೆ: ಹದಿನಾಲ್ಕು.
ಪಕ್ಕದ ಖಾನೆಯಲ್ಲಿ
ಒಂದು ಸಣ್ಣ ಕೊಕ್ಕೆ, ಅದರ ಕೆಳಗೆ ಚುಕ್ಕಿ.